ವೀಲಿಂಗ್ ಹತ್ತಿರ ದಾರಿ ಒಡೆಯುತ್ತದೆ: 70 ಹಿಡಿಯಲೋ, 470 ಹಿಡಿಯಲೋ?

ಪ್ರಶ್ನೆ: ನಾವು ಓಹಾಯೋದ ಕೊಲಂಬಸ್‌ನಲ್ಲಿದ್ದೇವೆ. ಧಾರವಾಡದಿಂದ ಅತ್ತೆ-ಮಾವ ಬಂದಿದ್ದಾರೆ. ಅವರನ್ನು ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ, ಬರುವಾಗ ನ್ಯೂ ವೃಂದಾವನದ ಚಿನ್ನದ ಅರಮನೆಗೆ ಕರೆದುಕೊಂಡು ಹೋಗಬೇಕು ಎಂದಿದ್ದೇನೆ. ನಮ್ಮ ಮನೆಯವರಿಗೆ ರಜೆ ಸಿಕ್ಕಿಲ್ಲ, ಹಾಗಾಗಿ ನಾನೇ ಓಡಿಸಬೇಕು. ಲೈಸೆನ್ಸ್ ಬಂದು ವರ್ಷವೂ ಆಗಿಲ್ಲ. ಊರೊಳಗೆ ಓಡಿಸುತ್ತೇನೆ, ಹೈವೇ ಅಭ್ಯಾಸ ಕಡಿಮೆ. ವೀಲಿಂಗ್ ಅನ್ನುವ ಊರಿನ ಹತ್ತಿರ ಐ-70 (ಇಂಟರ್‌ಸ್ಟೇಟ್ 70) ಹೈವೇ ಎರಡಾಗಿ ಒಡೆಯುತ್ತದೆ, ಮ್ಯಾಪು ಒಮ್ಮೆ 70 ಅನ್ನುತ್ತದೆ, ಒಮ್ಮೆ 470 ಅನ್ನುತ್ತದೆ. ಅಲ್ಲಿ ಇಳಿಜಾರು, ದೊಡ್ಡ ಸೇತುವೆ, ಸುರಂಗ ಎಲ್ಲ ಇದೆಯಂತೆ. ಯಾವ ದಾರಿ ಹಿಡಿಯಲಿ? ತಪ್ಪಿಹೋದರೆ ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಏಕೆಂದರೆ ನಿಮ್ಮ ಭಯದ ಬೇರು ಅಲ್ಲೇ ಇದೆ. ವೀಲಿಂಗ್ ಹತ್ತಿರ ತಪ್ಪಿಹೋದರೆ ಏನೂ ಮಾಡಬೇಡಿ. ಬಂದ ದಾರಿಯಲ್ಲೇ ಮುಂದೆ ಹೋಗಿ. 70 ಹಿಡಿದರೂ 470 ಹಿಡಿದರೂ ಎರಡೂ ಊರಿನ ಪೂರ್ವಕ್ಕೆ ಎಲ್ಮ್ ಗ್ರೋವ್ ಎಂಬಲ್ಲಿ ಮತ್ತೆ ಒಂದಾಗುತ್ತವೆ. ಈ ಪ್ರಯಾಣದಲ್ಲಿ ನೀವು ದಾರಿ ತಪ್ಪಲು ಸಾಧ್ಯವೇ ಇಲ್ಲದ ಕವಲು ಇದೊಂದೇ. ಹೊಸದಾಗಿ ಈ ದೇಶಕ್ಕೆ ಬಂದವರಿಗೆ ಡ್ರೈವಿಂಗ್ ಹೇಳಿಕೊಡುವುದೇ ನನ್ನ ಕೆಲಸ. ಇಂಥ ಕವಲುಗಳಲ್ಲಿ ಅಪಾಯ ತರುವುದು ತಪ್ಪಾದ ದಾರಿಯಲ್ಲ. 'ಅಯ್ಯೋ ತಪ್ಪಿತು' ಎಂದು ಕೊನೆಯ ಕ್ಷಣದಲ್ಲಿ ಸ್ಟೇರಿಂಗ್ ಎಳೆಯುತ್ತಾರಲ್ಲ, ಅಪಾಯ ಅದರಲ್ಲಿದೆ.

ರಸ್ತೆಯ ಸಂಖ್ಯೆಯಲ್ಲೇ ಈ ಭರವಸೆ ಇದೆ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾಯ್ದೆಯಿಂದ ಇಡೀ ಅಮೆರಿಕದಲ್ಲಿ ಇಂಟರ್‌ಸ್ಟೇಟ್ ಹೈವೇಗಳ ಕೆಲಸ ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. ಮುಖ್ಯ ರಸ್ತೆಗಳಿಗೆ ಒಂದು ಅಥವಾ ಎರಡು ಅಂಕಿ, ಅವುಗಳಿಂದ ಕವಲೊಡೆಯುವ ಚಿಕ್ಕ ರಸ್ತೆಗಳಿಗೆ ಮೂರು ಅಂಕಿ. ಕೊನೆಯ ಎರಡು ಅಂಕಿ ತಾಯಿ ರಸ್ತೆಯದು, ಇಲ್ಲಿ 70. ಮೊದಲ ಅಂಕಿ ಬೆಸವಾಗಿದ್ದರೆ ಆ ರಸ್ತೆ ಸಾಮಾನ್ಯವಾಗಿ ಯಾವುದೋ ಊರೊಳಗೆ ಹೋಗಿ ಮುಗಿಯುತ್ತದೆ. ಸಮವಾಗಿದ್ದರೆ ಸಾಮಾನ್ಯವಾಗಿ ಊರನ್ನು ಬಳಸಿಕೊಂಡು ಹೋಗಿ ಮತ್ತೆ ಇಂಟರ್‌ಸ್ಟೇಟ್‌ಗೇ ಸೇರುತ್ತದೆ. 470ರಲ್ಲಿ ಮೊದಲ ಅಂಕಿ 4, ಅಂದರೆ ನಿಮ್ಮನ್ನು ವಾಪಸ್ ತಂದು ಬಿಡುವ ರಸ್ತೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಇದೇ 470 ಸಂಖ್ಯೆಯ ರಸ್ತೆ ಕ್ಯಾನ್ಸಸ್‌ನ ಟೊಪೀಕಾದಲ್ಲೂ ಇದೆ, ಮಿಝೂರಿಯ ಕ್ಯಾನ್ಸಸ್ ಸಿಟಿ ಬಳಿಯೂ ಇದೆ. ಫೋನಿನಲ್ಲಿ ಬರೀ '470' ಎಂದು ಹುಡುಕಬೇಡಿ. ದೇವಸ್ಥಾನದ ವಿಳಾಸ ಹಾಕಿ.

ಈಗ ಯಾವ ದಾರಿ ಅನ್ನುವುದಕ್ಕೆ ಬರೋಣ. ಹೋಗುವಾಗ 470 ಹಿಡಿಯಿರಿ. ನಮ್ಮ ಕಡೆ ಬೈಪಾಸ್ ಅಂದರೆ ಊರು ತಪ್ಪಿಸಲು ನಾಲ್ಕು ಕಿಲೋಮೀಟರ್ ಹೆಚ್ಚು ಸುತ್ತುವುದು ಎಂಬ ಲೆಕ್ಕ ಇದೆ. ಇಲ್ಲಿ ಹಾಗಿಲ್ಲ. 470ರ ಒಟ್ಟು ಉದ್ದ ಹತ್ತೂವರೆ ಮೈಲಿಗೆ ಸ್ವಲ್ಪ ಹೆಚ್ಚು, ಸುಮಾರು 17 ಕಿಲೋಮೀಟರ್. ಊರೊಳಗಿನ 70ಕ್ಕೆ ಹೋಲಿಸಿದರೆ ದೂರ ಹೆಚ್ಚೇನೂ ಆಗುವುದಿಲ್ಲ. ಊರೊಳಗಿನ 70 ಒಂದು ಸೇತುವೆ ಹತ್ತಿ ನದಿ ನಡುವಿನ ವೀಲಿಂಗ್ ದ್ವೀಪಕ್ಕೆ ಬರುತ್ತದೆ, ಇನ್ನೊಂದು ಸೇತುವೆ ದಾಟುತ್ತದೆ, ಆಚೆ ದಡಕ್ಕೆ ಬಂದ ಕೂಡಲೇ ಪೇಟೆಗೆ ಹೋಗುವ ಎಕ್ಸಿಟ್‌ಗಳು, ಅದರ ಬೆನ್ನಿಗೇ ಗುಡ್ಡ ಕೊರೆದ ಸುರಂಗ. ಇವೆಲ್ಲ ಒಂದರ ಮೇಲೊಂದು ಬರುತ್ತವೆ. ವೇಗದ ಮಿತಿಯೂ ಇಳಿಯುತ್ತದೆ, ಪೇಟೆಗೆ ಹೋಗುವವರು, ಪೇಟೆಯಿಂದ ಬರುವವರು ಲೇನ್ ಬದಲಿಸುತ್ತಲೇ ಇರುತ್ತಾರೆ. 470ರಲ್ಲಿ ನದಿಗೆ ಒಂದೇ ಸೇತುವೆ, ಸುರಂಗವೂ ಇಲ್ಲ, ಎಕ್ಸಿಟ್‌ಗಳೂ ಕೆಲವೇ.

ಕೊಲಂಬಸ್‌ನಿಂದ ಪೂರ್ವಕ್ಕೆ ಹೊರಟರೆ ಝೇನ್ಸ್‌ವಿಲ್ ತನಕ ಹೆಚ್ಚು ಏರಿಳಿತ ಇರುವುದಿಲ್ಲ. ಕೇಂಬ್ರಿಡ್ಜ್ ಹತ್ತಿರ ಐ-77 ಅಡ್ಡ ಬರುತ್ತದೆ, ಆಮೇಲೆ ಗುಡ್ಡಗಾಡು. ಸೇಂಟ್ ಕ್ಲೇರ್ಸ್‌ವಿಲ್‌ನಲ್ಲಿ ಒಮ್ಮೆ ನಿಲ್ಲಿಸಿಬಿಡಿ. ಹೈವೇ ಪಕ್ಕದಲ್ಲೇ ಮಾಲು, ಅಂಗಡಿ, ಪೆಟ್ರೋಲ್ ಎಲ್ಲ ಇದೆ. ಹಿರಿಯರಿಗೆ ಕಾಲು ಚಾಚಲು ಆಗುತ್ತದೆ, ನಿಮಗೂ ಕವಲಿಗೆ ಮುಂಚೆ ಮನಸ್ಸು ತಿಳಿಯಾಗುತ್ತದೆ. ಮಾಲಿನ ಎಕ್ಸಿಟ್ 218, ಕವಲು 219. ಎಕ್ಸಿಟ್ ಸಂಖ್ಯೆ ಮೈಲಿ ಲೆಕ್ಕದ್ದು, ಅಂದರೆ ಎರಡರ ನಡುವೆ ಹೆಚ್ಚುಕಡಿಮೆ ಒಂದು ಮೈಲಿ. ಗಂಟೆಗೆ 60 ಮೈಲಿ ವೇಗದಲ್ಲಿ ಒಂದು ಮೈಲಿ ಒಂದೇ ನಿಮಿಷ. ಮಾಲಿನಿಂದ ಹೊರಟು ರ‍್ಯಾಂಪ್ ಹತ್ತಿ ಹೈವೇಗೆ ಸೇರುವುದು, ಸರಿಯಾದ ಲೇನ್‌ಗೆ ಬರುವುದು ಎಲ್ಲ ಆ ಒಂದು ನಿಮಿಷದಲ್ಲೇ ಆಗಬೇಕು. ಇದಕ್ಕೆ ಗಾಬರಿ ಬೇಡ. ಗೊತ್ತಿದ್ದರೆ ಸಾಕಷ್ಟು ಸಮಯ, ಗೊತ್ತಿಲ್ಲದಿದ್ದರೆ ತೀರಾ ಕಡಿಮೆ.

ಪೂರ್ವಕ್ಕೆ ಹೋಗುವಾಗ ಬೋರ್ಡಿನಲ್ಲಿ 470ರ ಜೊತೆ 'ವಾಷಿಂಗ್ಟನ್ ಪಿಎ' ಎಂದೂ, 70ರ ಜೊತೆ 'ವೀಲಿಂಗ್' ಎಂದೂ ಕಾಣುತ್ತದೆ. ವಾಷಿಂಗ್ಟನ್ ಅಂದಕೂಡಲೇ ರಾಜಧಾನಿ ನೆನಪಾಗಿ 'ನಮಗೆ ಅದು ಬೇಡ' ಎಂದು ಬಿಟ್ಟುಬಿಡುವವರಿದ್ದಾರೆ. ಇದು ಪೆನ್ಸಿಲ್ವೇನಿಯಾದ ವಾಷಿಂಗ್ಟನ್, ವೀಲಿಂಗ್‌ನಿಂದ ಸುಮಾರು 30 ಮೈಲಿ ದೂರದ ಊರು, ನೀವು ಹೋಗಬೇಕಾದ ದಾರಿಯಲ್ಲೇ ಇದೆ. ಯಾವ ಲೇನ್ ಯಾವ ಕಡೆಗೆ ಅನ್ನುವುದನ್ನು ಮನೆಯಲ್ಲಿ ಬಾಯಿಪಾಠ ಮಾಡಬೇಡಿ. ದುರಸ್ತಿ ಕೆಲಸ ನಡೆದರೆ ಲೇನ್‌ಗಳು ಬದಲಾಗುತ್ತವೆ. ತಲೆಯ ಮೇಲಿನ ಹಸಿರು ಬೋರ್ಡಿನ ಬಾಣ ನೋಡಿ ಲೇನ್ ಹಿಡಿಯಿರಿ, ಹಿಡಿದ ಮೇಲೆ ಬಿಡಬೇಡಿ. ಎರಡು ರಸ್ತೆಗಳು ಬೇರೆಯಾಗುವ ಕಡೆ ನಡುವೆ ಬಿಳಿ ಗೆರೆ ಬಳಿದ ತ್ರಿಕೋನದ ಜಾಗ ಇರುತ್ತದೆ. ಅದರ ಮೇಲೆ ಅಡ್ಡ ಹಾಯುವುದಾಗಲಿ, ಅಲ್ಲಿ ಕಾರು ನಿಲ್ಲಿಸಿ ಯೋಚಿಸುವುದಾಗಲಿ, ಹಿಂದಕ್ಕೆ ತೆಗೆದುಕೊಳ್ಳುವುದಾಗಲಿ ಖಂಡಿತ ಕೂಡದು. ಅದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ.

470ಕ್ಕೆ ತಿರುಗಿದ ಮೇಲೆ ನಿಮಗೆ ನಿಜವಾಗಿ ಕೆಲಸ ಇರುವುದು ನದಿ ಕಡೆಗಿನ ಇಳಿಜಾರಿನಲ್ಲಿ. ಸೇಂಟ್ ಕ್ಲೇರ್ಸ್‌ವಿಲ್ ಗುಡ್ಡದ ನೆತ್ತಿಯ ಊರು, ಓಹಾಯೋ ನದಿ ಕೆಳಗೆ ಕಣಿವೆಯಲ್ಲಿ. ನೂರಾರು ಅಡಿ ಎತ್ತರವನ್ನು ಕೆಲವೇ ಮೈಲಿಯಲ್ಲಿ ಇಳಿಯಬೇಕು. ಕಾಲನ್ನು ಬ್ರೇಕ್ ಮೇಲೆ ಒತ್ತಿ ಹಿಡಿದುಕೊಂಡೇ ಇಳಿಯುವುದು ಹೊಸಬರ ಅಭ್ಯಾಸ. ಹಾಗೆ ಮಾಡಿದರೆ ಬ್ರೇಕ್ ಬಿಸಿಯಾಗುತ್ತದೆ, ಹಿಂದಿನವರಿಗೆ ನಿಮ್ಮ ಕೆಂಪು ದೀಪ ಉರಿಯುತ್ತಲೇ ಇರುವುದರಿಂದ ನೀವು ನಿಜವಾಗಿ ನಿಲ್ಲಿಸುವುದು ಯಾವಾಗ ಎಂದು ತಿಳಿಯುವುದಿಲ್ಲ. ಆಟೋಮ್ಯಾಟಿಕ್ ಕಾರಿನಲ್ಲೂ ಕೆಳಗಿನ ಗೇರ್ ಇದೆ. ಕೆಲವು ಕಾರಿನಲ್ಲಿ 'ಎಲ್', ಕೆಲವದರಲ್ಲಿ 'ಬಿ', ಕೆಲವದರಲ್ಲಿ 'ಎಂ' ಜೊತೆ ಪ್ಲಸ್ ಮೈನಸ್. ಹೊರಡುವ ಮುಂಚೆ ನಿಮ್ಮ ಕಾರಿನಲ್ಲಿ ಯಾವುದಿದೆ ಎಂದು ನೋಡಿಕೊಂಡು ಮನೆ ಹತ್ತಿರದ ಯಾವುದಾದರೂ ಇಳಿಜಾರಿನಲ್ಲಿ ಒಮ್ಮೆ ಹಾಕಿ ನೋಡಿ. ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಸದ್ದು ಸ್ವಲ್ಪ ಏರುತ್ತದೆ, ಅದಕ್ಕೆ ಹೆದರಬೇಡಿ. ಬ್ರೇಕನ್ನು ಬೇಕಾದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಮತ್ತೆ ಬಿಡಿ. ಇಳಿಜಾರಿನಲ್ಲಿ ಕ್ರೂಸ್ ಕಂಟ್ರೋಲ್ (ಕಾರು ತಾನೇ ಒಂದೇ ವೇಗ ಕಾಯ್ದುಕೊಳ್ಳುವ ವ್ಯವಸ್ಥೆ) ಆಫ್ ಮಾಡಿ.

ಲಾರಿಗಳ ಬಗ್ಗೆ ಎರಡು ಮಾತು. ವೀಲಿಂಗ್‌ನಲ್ಲಿ ನಿಲ್ಲದೆ ಮುಂದೆ ಹೋಗುವ ದೊಡ್ಡ ಟ್ರಕ್ಕುಗಳಿಗೂ 470ರೇ ಅನುಕೂಲ, ಹಾಗಾಗಿ ನಿಮಗೆ ಜೊತೆಗಾರರು ಇದ್ದೇ ಇರುತ್ತಾರೆ. ಭಾರ ಹೊತ್ತ ಟ್ರಕ್ಕು ಏರಿನಲ್ಲೂ ನಿಧಾನ, ಇಳಿಜಾರಿನಲ್ಲೂ ನಿಧಾನ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಬಲಗಡೆ ಲೇನಿನಲ್ಲಿ ತೆವಳುತ್ತಿರುತ್ತದೆ. ನಮ್ಮಲ್ಲಿ ನಿಧಾನದವರು ಎಡಕ್ಕೆ, ಇಲ್ಲಿ ಬಲಕ್ಕೆ. ಒತ್ತಡ ಬಂದಾಗ ಕೈ ಹಳೆಯ ಅಭ್ಯಾಸಕ್ಕೆ ಹೋಗುತ್ತದೆ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಟ್ರಕ್ಕಿನ ಹಿಂದೆ ಅಂಟಿಕೊಂಡು ಹೋಗಬೇಡಿ. ಅದು ಒಂದು ಕಂಬ ದಾಟಿದ ಮೇಲೆ ನೀವು ಆ ಕಂಬ ತಲುಪುವಷ್ಟರಲ್ಲಿ ನಿಧಾನವಾಗಿ ನಾಲ್ಕರ ತನಕ ಎಣಿಸುವಷ್ಟು ಅಂತರ ಇರಲಿ. 60 ಮೈಲಿ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 88 ಅಡಿ ಓಡುತ್ತದೆ ಎಂದು ನೆನಪಿಟ್ಟುಕೊಂಡರೆ ಆ ನಾಲ್ಕು ಸೆಕೆಂಡಿನ ಬೆಲೆ ಗೊತ್ತಾಗುತ್ತದೆ. ಟ್ರಕ್ಕನ್ನು ಹಿಂದೆ ಹಾಕಬೇಕೆನಿಸಿದರೆ ಎಡ ಲೇನಿಗೆ ಬಂದು ತಡಮಾಡದೆ ದಾಟಿ, ಅದರ ಮುಂಭಾಗ ಪೂರ್ತಿ ನಿಮ್ಮ ಒಳಗನ್ನಡಿಯಲ್ಲಿ ಕಂಡ ಮೇಲೆ ಬಲಕ್ಕೆ ಬನ್ನಿ. ಅದರ ಪಕ್ಕದಲ್ಲೇ ಸಮಸಮಕ್ಕೆ ಹೋಗುತ್ತಿದ್ದರೆ ಡ್ರೈವರಿಗೆ ನೀವು ಕಾಣುವುದೇ ಇಲ್ಲ.

ನಿಮ್ಮ ಮಾವನವರು ಟ್ರಕ್ಕು ಹತ್ತಿರ ಬಂದಾಗಲೆಲ್ಲ ಸೀಟು ಗಟ್ಟಿ ಹಿಡಿದು 'ಹಾರ್ನ್ ಹೊಡಿ' ಅನ್ನಬಹುದು. ಅವರನ್ನು ದೂರಬೇಡಿ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಎಷ್ಟೋ ವರ್ಷ ನಡುವೆ ಡಿವೈಡರ್ ಇಲ್ಲದೆ ಎದುರುಬದುರು ವಾಹನ ಓಡಿದ ರಸ್ತೆ. ಅಲ್ಲಿ ಆದ ಅಪಘಾತಗಳ ಸುದ್ದಿ ಧಾರವಾಡದ ಪ್ರತಿ ಮನೆಯೂ ಕೇಳಿದೆ. ಬೈಪಾಸ್ ಅಂದರೆ ಎದುರಿನ ಲಾರಿ ಎಂದೇ ಅವರ ಮನಸ್ಸಿನಲ್ಲಿ ಕೂತಿರುತ್ತದೆ. ಹೊರಡುವ ಮುಂಚೆಯೇ ಹೇಳಿಬಿಡಿ: 'ಮಾವ, ಇಲ್ಲಿ ಎದುರಿನಿಂದ ಬರುವ ಗಾಡಿಗಳಿಗೆ ಬೇರೆಯೇ ರಸ್ತೆ, ಪಾದಚಾರಿ ಇಲ್ಲ, ಬೈಕು ಅಡ್ಡ ಬರುವುದಿಲ್ಲ, ಹಾರ್ನ್ ಹೊಡೆದರೆ ಬೈದಂತೆ.' ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಎಕ್ಸಿಟ್ ಸಂಖ್ಯೆ ಓದಿ ಹೇಳುವ ಕೆಲಸ ಕೊಡಿ. ಕೆಲಸ ಇದ್ದವರಿಗೆ ಭಯ ಕಡಿಮೆ, ನಿಮಗೂ ಒಂದು ಜೊತೆ ಕಣ್ಣು ಹೆಚ್ಚಾದಂತೆ.

ಆ ಎಕ್ಸಿಟ್ ಸಂಖ್ಯೆಯಲ್ಲಿ ಒಂದು ವಿಷಯಕ್ಕೆ ಅವರೂ ಗಲಿಬಿಲಿಯಾಗಬಹುದು. ಓಹಾಯೋ ದಡದಲ್ಲಿ ಕೊನೆಯ ಎಕ್ಸಿಟ್ 6, ಅದು ನದಿ ಪಕ್ಕದ 7ನೇ ರಾಜ್ಯ ರಸ್ತೆಗೆ ಇಳಿಯುತ್ತದೆ. ಸೇತುವೆ ದಾಟಿದರೆ ಮುಂದಿನದು 7 ಆಗಬೇಕಲ್ಲ? ಆಗುವುದಿಲ್ಲ, ಮತ್ತೆ 1 ಬರುತ್ತದೆ. ಮೈಲಿ ಲೆಕ್ಕ ಪ್ರತಿ ರಾಜ್ಯದ ಗಡಿಯಲ್ಲಿ ಹೊಸದಾಗಿ ಶುರುವಾಗುತ್ತದೆ, ಮತ್ತು ಸೇತುವೆಯ ಆಚೆ ವೆಸ್ಟ್ ವರ್ಜೀನಿಯಾ. ನದಿಯ ಹೆಸರು ಓಹಾಯೋ ಆದರೂ ಇಲ್ಲಿ ಗಡಿ ಓಹಾಯೋ ದಡದ ಪಕ್ಕದಲ್ಲೇ ಹಾದುಹೋಗುತ್ತದೆ. ನೀರಿನ ಬಹುಪಾಲು ವೆಸ್ಟ್ ವರ್ಜೀನಿಯಾಕ್ಕೆ ಸೇರಿದ್ದು. ಸೇತುವೆಯ ಹೆಸರು ವಿಯೆಟ್ನಾಂ ವೆಟರನ್ಸ್ ಮೆಮೋರಿಯಲ್. 1983ರಲ್ಲಿ ತೆರೆದದ್ದು, ಕಮಾನಿನ ಸೇತುವೆ, ನಡುವಿನ ಅಂಕಣವೇ 780 ಅಡಿ. ಇಳಿಜಾರು ಮುಗಿಯುವ ಹೊತ್ತಿಗೆ ಈ ಕಮಾನು ಎದುರಾಗುತ್ತದೆ. ಸೇತುವೆ ಮೇಲೆ ಅಡ್ಡಗಾಳಿ ಇದ್ದರೆ ಕಾರು ಸ್ವಲ್ಪ ತಳ್ಳಿದಂತಾಗುತ್ತದೆ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ, ಕಣ್ಣು ನದಿ ಮೇಲೆ ಬೇಡ, ದೂರದ ರಸ್ತೆಯ ಮೇಲಿರಲಿ. ನೋಡಬೇಕಾದವರು ಅತ್ತೆ-ಮಾವ.

ಸೇತುವೆ ಆಚೆ ಮತ್ತೆ ಏರು. ಎಕ್ಸಿಟ್ 1 ಮೌಂಡ್ಸ್‌ವಿಲ್ ಕಡೆಗೆ, ಎಕ್ಸಿಟ್ 2 ಬೆತ್ಲೆಹೆಮ್ ಎಂಬ ಹಳ್ಳಿಗೆ, ಅಷ್ಟರಲ್ಲಿ 470 ಮುಗಿದೇಹೋಗುತ್ತದೆ. ಎಲ್ಮ್ ಗ್ರೋವ್‌ನಲ್ಲಿ ಊರೊಳಗಿಂದ ಬಂದ 70 ಜೊತೆಗೂಡುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಸುರಂಗ, ಸೇತುವೆ ಎಲ್ಲ ಇದೆ, ಈ ಸಂಗಮದ ಮಾತೇ ಇಲ್ಲ. ನನ್ನ ಲೆಕ್ಕದಲ್ಲಿ ಈ ಹತ್ತು ಮೈಲಿಯ ಅತಿ ಕಷ್ಟದ ಜಾಗ ಅದು. ಎರಡು ಹೈವೇಗಳ ವಾಹನ ಒಂದೇ ಹೈವೇಗೆ ಬರಬೇಕು, ಎರಡೂ ಕಡೆಯವರು ಪೂರ್ತಿ ವೇಗದಲ್ಲಿರುತ್ತಾರೆ. ನಿಮ್ಮ ಲೇನ್ ಮುಗಿಯುತ್ತದೋ ಹಾಗೇ ಮುಂದುವರಿಯುತ್ತದೋ ಎಂಬುದನ್ನು ಹಳದಿ ಬೋರ್ಡ್ ಮೊದಲೇ ಹೇಳುತ್ತದೆ. ಪಕ್ಕದ ಕನ್ನಡಿ ನೋಡಿ, ಕತ್ತು ತಿರುಗಿಸಿ ಭುಜದ ಮೇಲಿಂದ ಒಮ್ಮೆ ನೋಡಿ, ಇಂಡಿಕೇಟರ್ ಹಾಕಿ, ಪಕ್ಕದವರ ವೇಗಕ್ಕೆ ನಿಮ್ಮ ವೇಗ ಹೊಂದಿಸಿ ಸೇರಿಕೊಳ್ಳಿ. ಇಲ್ಲಿ ನಿಧಾನ ಮಾಡುವುದು ಸುರಕ್ಷಿತ ಎಂದು ಅನ್ನಿಸುತ್ತದೆ, ಆದರೆ ಅದು ಸುರಕ್ಷಿತವಲ್ಲ. 65ರಲ್ಲಿ ಬರುವವರ ನಡುವೆ 40ರಲ್ಲಿ ನುಗ್ಗಿದರೆ ಹಿಂದಿನವರಿಗೆ ನೀವು ನಿಂತ ಕಾರಿನಂತೆಯೇ. ಆಕ್ಸಿಲರೇಟರ್ ಒತ್ತಲು ಹಿಂಜರಿಯಬೇಡಿ. ಇದೊಂದನ್ನು ಮುಂಚೆ ಅಭ್ಯಾಸ ಮಾಡಲೇಬೇಕು. ಕೊಲಂಬಸ್ ಸುತ್ತಲಿನ ಐ-270 ಕೂಡ ಸಮ ಅಂಕಿಯ ರಸ್ತೆಯೇ, ಊರನ್ನು ಸುತ್ತಿ ಹೊರಟಲ್ಲಿಗೇ ತಂದು ಬಿಡುತ್ತದೆ. ಭಾನುವಾರ ಬೆಳಿಗ್ಗೆ ಹೋಗಿ ಒಂದು ಎಕ್ಸಿಟ್‌ನಲ್ಲಿ ಹತ್ತಿ ಮುಂದಿನದರಲ್ಲಿ ಇಳಿಯುತ್ತಾ ಇಡೀ ಸುತ್ತು ಮುಗಿಸಿ. ಕೈ ಪಳಗುತ್ತದೆ.

ಸುರಂಗದ ಭಯಕ್ಕೆ 470 ಹಿಡಿಯುವವರಿಗೆ ಇನ್ನೊಂದು ಮಾತು ಹೇಳಲೇಬೇಕು. ದೇವಸ್ಥಾನ ಇರುವ ಪೆನ್ ಹಿಲ್ಸ್ ಪಿಟ್ಸ್‌ಬರ್ಗ್‌ನ ಪೂರ್ವಕ್ಕಿದೆ. ವಾಷಿಂಗ್ಟನ್ ಹತ್ತಿರ ಐ-79 ಹಿಡಿದು, ಐ-376ರಲ್ಲಿ ನಗರದೊಳಗೆ ಹೋದರೆ ಒಂದಲ್ಲ, ಎರಡು ಸುರಂಗ: ಫೋರ್ಟ್ ಪಿಟ್ ಮತ್ತು ಸ್ಕ್ವಿರಲ್ ಹಿಲ್. ಫೋರ್ಟ್ ಪಿಟ್ ಸುರಂಗದಿಂದ ಹೊರಬಂದ ತಕ್ಷಣ ಸೇತುವೆ, ಆ ಸೇತುವೆ ಮೇಲೇ ಲೇನ್‌ಗಳು ಬೇರೆ ಬೇರೆ ಕಡೆಗೆ ಒಡೆಯುತ್ತವೆ. ವೀಲಿಂಗ್‌ಗಿಂತ ಅದು ಎಷ್ಟೋ ಕಷ್ಟ, ಅಲ್ಲಿ ತಪ್ಪಿದರೆ ದಾರಿ ತಾನಾಗಿ ಒಂದಾಗುವುದೂ ಇಲ್ಲ. ನಿಮ್ಮಂಥ ಹೊಸಬರಿಗೆ ನಾನು ಹೇಳುವುದು ಬೇರೆ ದಾರಿ. 470 ಮುಗಿಸಿ ಐ-70ರಲ್ಲೇ ಪೂರ್ವಕ್ಕೆ ನ್ಯೂ ಸ್ಟ್ಯಾಂಟನ್ ತನಕ ಹೋಗಿ, ಅಲ್ಲಿ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಎಂಬ ಟೋಲ್ ಹೈವೇ ಹತ್ತಿ ಪಶ್ಚಿಮಕ್ಕೆ ಮನ್ರೋವಿಲ್‌ನಲ್ಲಿ ಇಳಿಯಿರಿ. ದೇವಸ್ಥಾನ ಅಲ್ಲಿಂದ ಹತ್ತಿರ. ದೂರ ಹೆಚ್ಚು, ಟೋಲ್ ಇದೆ, ಇ-ಝೆಡ್‌ಪಾಸ್ (ಟೋಲ್ ತಾನಾಗಿ ಕಟ್ಟಿಕೊಳ್ಳುವ, ಕಾರಿನಲ್ಲಿಡುವ ಸಾಧನ) ಇಲ್ಲದಿದ್ದರೆ ನಂಬರ್ ಪ್ಲೇಟ್ ನೋಡಿ ಮನೆಗೆ ಬಿಲ್ ಕಳಿಸುತ್ತಾರೆ. ಆದರೆ ನಗರದ ಸುರಂಗ ಎರಡೂ ತಪ್ಪುತ್ತವೆ. ವಾಷಿಂಗ್ಟನ್ ದಾಟಿದ ಮೇಲಿನ ಐ-70 ಹಳೆಯ ಕಾಲದ ರಸ್ತೆ, ಕೆಲವು ಕಡೆ ಹತ್ತುವ ರ‍್ಯಾಂಪ್ ತೀರಾ ಗಿಡ್ಡ, ಅಲ್ಲಿ ಬಲ ಲೇನಿನಲ್ಲಿದ್ದರೆ ಸೇರುವವರಿಗೆ ಜಾಗ ಬಿಡಿ. ನೀವೇ ಅಲ್ಲಿ ಇಳಿದು ಹತ್ತುವುದು ಬೇಡ, ತಿಂಡಿ ಪೆಟ್ರೋಲ್ ಎಲ್ಲ ವಾಷಿಂಗ್ಟನ್‌ನಲ್ಲೇ ಮುಗಿಸಿಕೊಳ್ಳಿ.

ಬರುವಾಗ ನ್ಯೂ ವೃಂದಾವನ. 1968ರಲ್ಲಿ ಹರೇ ಕೃಷ್ಣ ಪಂಥದವರು ಗುಡ್ಡದ ಮೇಲೆ ಕಟ್ಟಿಕೊಂಡ ನೆಲೆ ಅದು. ಪಂಥದ ಸ್ಥಾಪಕ ಪ್ರಭುಪಾದರ ವಾಸಕ್ಕೆಂದು ಅರಮನೆ ಶುರುಮಾಡಿದರು. ಅವರು 1977ರಲ್ಲಿ ತೀರಿಕೊಂಡರು, 1979ರಲ್ಲಿ ಅರಮನೆ ಅವರ ಸ್ಮಾರಕವಾಗಿ ತೆರೆಯಿತು. ಹೈವೇ ಬಿಟ್ಟು 88ನೇ ರಾಜ್ಯ ರಸ್ತೆಯಲ್ಲಿ ದಕ್ಷಿಣಕ್ಕೆ ಹೋಗಿ ಯು.ಎಸ್. 250 ಸೇರಬೇಕು, ಆಮೇಲೆ ಗುಡ್ಡದ ಹಾದಿ. ಎರಡೇ ಲೇನು, ಎದುರುಬದುರು, ತಿರುವೋ ತಿರುವು. ಮಾವನವರಿಗೆ ಇದೇ ಪರಿಚಯದ ರಸ್ತೆ ಅನ್ನಿಸಬಹುದು, ನಿಮಗೆ ಮಾತ್ರ ಇಡೀ ಪ್ರಯಾಣದಲ್ಲಿ ಹೆಚ್ಚು ಗಮನ ಬೇಕಾದ ರಸ್ತೆ. ಕತ್ತಲಾಗುವ ಮುಂಚೆ ಹತ್ತಿ ಇಳಿದುಬಿಡಿ. ಸಂಜೆ ಮೇಲೆ ಜಿಂಕೆಗಳು ಅಡ್ಡ ಬರುತ್ತವೆ, ಅದರಲ್ಲೂ ಅಕ್ಟೋಬರ್-ನವೆಂಬರ್‌ನಲ್ಲಿ. ಜಿಂಕೆ ಕಂಡರೆ ನೇರವಾಗಿ ಬ್ರೇಕ್ ಹಾಕಿ, ತಪ್ಪಿಸಲು ಪಕ್ಕಕ್ಕೆ ಎಳೆಯಬೇಡಿ.

ಅಲ್ಲಿಂದ ವಾಪಸ್ ಹೊರಟಾಗ ಬೆಳಕೂ ಸಮಯವೂ ಇದ್ದರೆ 470 ಬಿಟ್ಟು ಊರೊಳಗೆ ಹೋಗಿ ಬನ್ನಿ ಎಂದು ನಾನು ಒತ್ತಾಯಿಸಿ ಹೇಳುತ್ತೇನೆ. ಅಷ್ಟು ಹೊತ್ತಿಗೆ ನಿಮ್ಮ ಕೈಯೂ ಪಳಗಿರುತ್ತದೆ. ವೀಲಿಂಗ್ ಸುಮ್ಮನೆ ದಾಟಿಹೋಗುವಂಥ ಊರಲ್ಲ. ಅಮೆರಿಕದ ಕೇಂದ್ರ ಸರ್ಕಾರ ತನ್ನ ಹಣದಲ್ಲಿ ಕಟ್ಟಿಸಿದ ಮೊದಲ ದೊಡ್ಡ ಹೆದ್ದಾರಿ ನ್ಯಾಷನಲ್ ರೋಡ್. 1811ರಲ್ಲಿ ಮೇರಿಲ್ಯಾಂಡ್‌ನ ಕಂಬರ್‌ಲೆಂಡ್‌ನಿಂದ ಹೊರಟ ಅದು 1818ರಲ್ಲಿ ಬಂದು ನದಿ ಮುಟ್ಟಿದ್ದು ಇಲ್ಲೇ. 1849ರಲ್ಲಿ ಚಾರ್ಲ್ಸ್ ಎಲೆಟ್ ಎಂಬ ಎಂಜಿನಿಯರ್ ಕಟ್ಟಿದ ತೂಗುಸೇತುವೆ ಆಗ ಪ್ರಪಂಚದಲ್ಲೇ ಅತಿ ಉದ್ದದ್ದು, ನಡುವೆ ಆಧಾರವೇ ಇಲ್ಲದೆ 1,010 ಅಡಿ. ಇಂದಿಗೂ ನಿಂತಿದೆ, 2019ರಿಂದ ವಾಹನ ಬಿಡುತ್ತಿಲ್ಲ. ವೆಸ್ಟ್ ವರ್ಜೀನಿಯಾ ರಾಜ್ಯ 1863ರಲ್ಲಿ ಹುಟ್ಟಿದಾಗ ಇದೇ ಅದರ ಮೊದಲ ರಾಜಧಾನಿ. 1930ರಲ್ಲಿ 61 ಸಾವಿರ ದಾಟಿದ್ದ ಜನಸಂಖ್ಯೆ 2020ರ ಗಣತಿಯಲ್ಲಿ ಸುಮಾರು 27 ಸಾವಿರ. ಉಕ್ಕಿನ ಕೆಲಸ ಹೋದದ್ದು ದೊಡ್ಡ ಕಾರಣ, ಬೈಪಾಸ್ ಒಂದನ್ನೇ ದೂರಿದರೆ ತಪ್ಪಾಗುತ್ತದೆ. ಆದರೂ ಊರನ್ನು ತಪ್ಪಿಸಿಕೊಂಡು ಹೋಗಲು ಅನುಕೂಲ ಇರುವಾಗ ಅಲ್ಲಿ ನಿಂತು ಒಂದು ಕಾಫಿ ಕುಡಿಯುವವರು ಕಡಿಮೆಯಾಗುವುದು ಸಹಜ. ಪೇಟೆಯ ಎಕ್ಸಿಟ್‌ನಲ್ಲಿ ಇಳಿದು ಕಾರು ನಿಲ್ಲಿಸಿ, 1850ರ ದಶಕದ ಸೆಂಟರ್ ಮಾರ್ಕೆಟ್‌ನಲ್ಲಿ ಓಡಾಡಿ, ನದಿ ದಡದಿಂದ ಆ ಸೇತುವೆಯನ್ನು ಅತ್ತೆ-ಮಾವನಿಗೆ ತೋರಿಸಿ.

ಚಳಿಗಾಲದಲ್ಲಿ ಹೋಗುವುದಾದರೆ ಲೆಕ್ಕ ಬೇರೆ. ಸೇತುವೆಗೆ ಕೆಳಗಿನಿಂದಲೂ ತಣ್ಣನೆ ಗಾಳಿ ತಾಗುವುದರಿಂದ ಉಳಿದ ರಸ್ತೆ ಒದ್ದೆಯಾಗಿ ಮಾತ್ರ ಇರುವಾಗಲೇ ಅಲ್ಲಿ ಮಂಜುಗಟ್ಟಿರುತ್ತದೆ, ಅದು ಕಣ್ಣಿಗೆ ಕಾಣುವುದೂ ಇಲ್ಲ. ಸೇತುವೆ ಮೇಲೆ ಹೊಸದಾಗಿ ಬ್ರೇಕ್ ಹಾಕುವುದಾಗಲಿ ಲೇನ್ ಬದಲಿಸುವುದಾಗಲಿ ಬೇಡ. ವೇಗವನ್ನು ಹತ್ತುವ ಮುಂಚೆಯೇ ಇಳಿಸಿಕೊಳ್ಳಿ. ಬೆಳಗಿನ ಹೊತ್ತು ಕಣಿವೆಯಲ್ಲಿ ದಟ್ಟ ಮಂಜು ಕವಿದರೆ ಹೈ ಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಹಿಮದ ಮುನ್ಸೂಚನೆ ಇದ್ದರೆ ಪ್ರಯಾಣವನ್ನೇ ಮುಂದೂಡಿ. ನಿಮ್ಮ ಅನುಭವಕ್ಕೆ ಆ ಇಳಿಜಾರು ಹಿಮದಲ್ಲಿ ಬೇಡ.

ಅರ್ಧ ದಿನದಲ್ಲಿ ಮೂರು ರಾಜ್ಯ ದಾಟುತ್ತೀರಿ. ಮೂರರಲ್ಲೂ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ, ಸ್ಟ್ಯಾಂಡ್‌ನಲ್ಲಿಡಿ. ಪಕ್ಕದಲ್ಲಿ ಪೊಲೀಸ್ ಗಾಡಿಯೋ ಆಂಬುಲೆನ್ಸೋ ದೀಪ ಹಾಕಿ ನಿಂತಿದ್ದರೆ ಒಂದು ಲೇನ್ ಆಚೆ ಸರಿಯಬೇಕು, ಆಗದಿದ್ದರೆ ನಿಧಾನ ಮಾಡಬೇಕು. ಇದು ಕೂಡ ಎಲ್ಲ ಕಡೆ ಕಾನೂನು. ವೀಲಿಂಗ್ ಸುತ್ತಮುತ್ತ ಸೇತುವೆಗಳು ಬಹಳ, ಅವುಗಳ ದುರಸ್ತಿಯೂ ಬಹಳ. 2020ರ ನಂತರ ಊರೊಳಗಿನ 70ರ ಸೇತುವೆಗಳಿಗೆ ದೊಡ್ಡ ಕೆಲಸ ನಡೆದಾಗ ವಾಹನಗಳನ್ನು 470ಕ್ಕೇ ತಿರುಗಿಸಿದ್ದರು. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಓಹಾಯೋ ಸಾರಿಗೆ ಇಲಾಖೆಯ ಓಎಚ್‌ಗೋ, ವೆಸ್ಟ್ ವರ್ಜೀನಿಯಾದ 511, ಪೆನ್ಸಿಲ್ವೇನಿಯಾದ 511, ರಸ್ತೆ ಸ್ಥಿತಿ ತಿಳಿಸುವ ಈ ಮೂರು ಜಾಲತಾಣಗಳನ್ನೂ ತೆರೆದು ನೋಡಿ. ಯಾವುದಾದರೂ ರಸ್ತೆ ಮುಚ್ಚಿದ್ದರೆ ಅಲ್ಲೇ ಹಾಕಿರುತ್ತಾರೆ, ಬೆಳಿಗ್ಗೆ ಕಾರಿನಲ್ಲಿ ಕೂತು ಹುಡುಕುವ ಕೆಲಸ ಉಳಿಯುವುದಿಲ್ಲ.